ವಾಟ್ಸನ್ ಹೋಟೆಲು: ಕಟ್ಟಡ ನಿಂತಿತು, ಹೋಟೆಲು ಹೋಯಿತು

(ಮುಂಬಯಿಯ ಕನ್ನಡ ಬಳಗವೊಂದರ ಭಾನುವಾರದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಅರ್ಧಕ್ಕರ್ಧ ಜನ ಒಂದಲ್ಲ ಒಂದು ಕಾಲದಲ್ಲಿ ಗಲ್ಲಾದ ಹಿಂದೆಯೋ ಒಲೆಯ ಮುಂದೆಯೋ ನಿಂತವರು. ಉಳಿದವರ ಅಪ್ಪನೋ ಮಾವನೋ ನಿಂತಿದ್ದಾರೆ. ಆದ್ದರಿಂದ ಇವತ್ತು ಹೋಟೆಲಿನ ಕಥೆಯನ್ನೇ ಆರಿಸಿಕೊಂಡೆ. ನಮ್ಮ ಉಡುಪಿ ಹೋಟೆಲು ಈ ಊರಿಗೆ ಬರುವುದಕ್ಕೆ ಎಷ್ಟೋ ಮೊದಲು ಇದ್ದ ಒಂದು ಹೋಟೆಲು, ವಾಟ್ಸನ್ ಹೋಟೆಲು.

ಕಾಲಾ ಘೋಡಾ ನಿಮಗೆಲ್ಲ ಗೊತ್ತು. ಎಲ್ಫಿನ್‌ಸ್ಟನ್ ಕಾಲೇಜು, ಡೇವಿಡ್ ಸಸೂನ್ ಲೈಬ್ರರಿ, ಆರ್ಮಿ ಆ್ಯಂಡ್ ನೇವಿ ಬಿಲ್ಡಿಂಗ್. ಆ ಸಾಲಿನಲ್ಲೇ ಮುಂದೆ ಬಂದರೆ ಕಪ್ಪು ಹಿಡಿದ, ಬಾಲ್ಕನಿಗಳೆಲ್ಲ ಜೋತುಬಿದ್ದಂತಿರುವ ಐದು ಮಹಡಿಯ ಕಟ್ಟಡವೊಂದು ಸಿಗುತ್ತದೆ. ದಾಖಲೆಯಲ್ಲಿ ಅದರ ಹೆಸರು ಎಸ್ಪ್ಲನೇಡ್ ಮ್ಯಾನ್ಶನ್. ನಡುವೆ ಮಹೇಂದ್ರ ಮ್ಯಾನ್ಶನ್ ಅಂತಲೂ ಕರೆದರು. ಹುಟ್ಟಿದಾಗ ಇಟ್ಟ ಹೆಸರು ವಾಟ್ಸನ್ಸ್ ಎಸ್ಪ್ಲನೇಡ್ ಹೋಟೆಲ್. ಕೋರ್ಟಿಗೆ ಓಡುವ ಅವಸರದಲ್ಲಿ ಅದರ ಕೆಳಗೆ ನೂರಾರು ಸಲ ನಡೆದುಹೋದವರು ಈ ಸಭೆಯಲ್ಲೇ ಇದ್ದೀರಿ. ತಲೆ ಎತ್ತಿ ನೋಡಿದವರು ಎಷ್ಟು ಮಂದಿಯೋ.

ಊರಿನ ನಕ್ಷೆಯಿಂದ ಶುರು ಮಾಡೋಣ. 1860ಕ್ಕೆ ಮೊದಲು ಫೋರ್ಟ್ ಎಂದರೆ ನಿಜವಾಗಿಯೂ ಕೋಟೆಯೇ. ಸುತ್ತ ಗೋಡೆ, ಕಂದಕ, ದ್ವಾರಗಳು. ಚರ್ಚ್‌ಗೇಟ್ ಅನ್ನುವ ಹೆಸರು ಅಂಥ ಒಂದು ದ್ವಾರದಿಂದಲೇ ಬಂದದ್ದು. ಕೋಟೆಯ ಹೊರಗೆ ಎಸ್ಪ್ಲನೇಡ್ ಎಂಬ ಬಯಲು. ಶತ್ರು ಬಂದರೆ ಫಿರಂಗಿ ಹಾರಿಸಲು ಅಡ್ಡಿಯಾಗಬಾರದೆಂದು ಅಲ್ಲಿ ಏನನ್ನೂ ಕಟ್ಟಲು ಬಿಡುತ್ತಿರಲಿಲ್ಲ. 1862ರಲ್ಲಿ ಗವರ್ನರ್ ಆಗಿ ಬಂದ ಬಾರ್ಟಲ್ ಫ್ರಿಯರ್ ಆ ಗೋಡೆಗಳನ್ನು ಕೆಡವಿಸಿದ. ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದ ಕಾಲ ಅದು. ಅಲ್ಲಿಯ ಹತ್ತಿ ನಿಂತುಹೋಗಿ ಇಂಗ್ಲೆಂಡಿನ ಗಿರಣಿಗಳಿಗೆಲ್ಲ ನಮ್ಮ ಹತ್ತಿಯೇ ಬೇಕಾಯಿತು. ಮುಂಬಯಿಯ ವರ್ತಕರ ಕೈಯಲ್ಲಿ ಹಣ ಉಕ್ಕಿತು, ಕೋಟೆ ಹೋದ ಜಾಗದ ಸೈಟುಗಳು ಹರಾಜಿಗೆ ಬಂದವು.

ಹರಾಜಿನಲ್ಲಿ ಸೈಟು ಹಿಡಿದವರಲ್ಲಿ ಜಾನ್ ಹಡ್ಸನ್ ವಾಟ್ಸನ್ ಒಬ್ಬ. ಈತ ಹೋಟೆಲಿನವನೇ ಅಲ್ಲ, ಜವಳಿ ವ್ಯಾಪಾರಿ. ಫೋರ್ಟಿನೊಳಗೆ ಸಾಹೇಬರಿಗೆ, ಮೇಡಂಗಳಿಗೆ ಬಟ್ಟೆಬರೆ ಮಾರುವ ಅಂಗಡಿ ಇಟ್ಟಿದ್ದವನು. ಹೊಸ ಜಾಗದಲ್ಲಿ ದೊಡ್ಡ ಶೋರೂಮ್ ಕಟ್ಟಬೇಕೆಂದಿದ್ದ. ಆಮೇಲೆ ಲೆಕ್ಕ ಹಾಕಿ ಹೋಟೆಲು ಕಟ್ಟಿದ. ಇಷ್ಟರಲ್ಲಿ 1865ರಲ್ಲಿ ಅಮೆರಿಕದ ಯುದ್ಧ ಮುಗಿದು, ಹತ್ತಿಯ ಬೆಲೆ ಕುಸಿದು, ಇಲ್ಲಿಯ ಬ್ಯಾಂಕುಗಳೂ ಷೇರು ಕಂಪನಿಗಳೂ ಸಾಲುಸಾಲಾಗಿ ದಿವಾಳಿಯಾಗಿದ್ದವು. ಊರೇ ಸೋತು ಕೂತಿದ್ದಾಗ ಕೈ ಹಾಕಿ ಕಟ್ಟಿದವನು ವಾಟ್ಸನ್. ವ್ಯಾಪಾರದ ಧೈರ್ಯ ಏನೆಂದು ಬಲ್ಲ ನೀವು ಈ ಮಾತಿನ ತೂಕ ನನಗಿಂತ ಚೆನ್ನಾಗಿ ತಿಳಿದವರು.

ಅವನು ಕಟ್ಟಿದ ರೀತಿಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಸುತ್ತಮುತ್ತಲಿನ ಹೈಕೋರ್ಟು, ವಿಶ್ವವಿದ್ಯಾಲಯ, ರಾಜಾಬಾಯಿ ಗೋಪುರ ಎಲ್ಲ ಕಲ್ಲಿನ ಕಟ್ಟಡಗಳು. ಎಲ್ಲವೂ ಇದಕ್ಕಿಂತ ಆಮೇಲೆ ಮುಗಿದವು. ವಾಟ್ಸನ್ ಹೋಟೆಲಿನ ಭಾರ ಹೊತ್ತದ್ದು ಕಲ್ಲಲ್ಲ, ಕಬ್ಬಿಣ. ಕಂಬ ಬೀಡು ಕಬ್ಬಿಣದ್ದು, ತೊಲೆ ಬಡಿದು ಮಾಡಿದ ಮೆದು ಕಬ್ಬಿಣದ್ದು. ನಕ್ಷೆ ಹಾಕಿದವನು ರೋಲೆಂಡ್ ಮೇಸನ್ ಆರ್ಡಿಶ್ ಎಂಬ ಇಂಜಿನಿಯರು. ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ಸ್ಟೇಷನ್ನಿನ ದೊಡ್ಡ ಕಮಾನು ಚಾವಣಿಗೆ ಕೆಲಸ ಮಾಡಿದವನು, ಥೇಮ್ಸ್ ನದಿಗೆ ಆಲ್ಬರ್ಟ್ ಸೇತುವೆ ಕಟ್ಟಿದವನು. ಇಂಗ್ಲೆಂಡಿನ ಡರ್ಬಿ ಊರಿನ ಫೀನಿಕ್ಸ್ ಫೌಂಡ್ರಿಯಲ್ಲಿ ಎರಕ ಹೊಯ್ದು, ತುಂಡುತುಂಡಾಗಿ ಹಡಗಿಗೆ ಹೇರಿ ಮುಂಬಯಿಗೆ ಕಳಿಸಿದರು. ಕೆಲಸ ನಡೆದದ್ದು 1867ರಿಂದ 1869ರವರೆಗೆ. ಸುಯೆಜ್ ಕಾಲುವೆ ತೆರೆದದ್ದು 1869ರ ನವೆಂಬರಿನಲ್ಲಿ. ಅಂದಮೇಲೆ ಅಷ್ಟು ಭಾರದ ಸಾಮಾನು ಆಫ್ರಿಕವನ್ನು ಸುತ್ತು ಹಾಕಿಕೊಂಡೇ ಬರಬೇಕಿತ್ತು. ಬಂದ ತುಂಡುಗಳನ್ನು ಇಲ್ಲಿ ಜೋಡಿಸಿ ಬೋಲ್ಟು ಬಿಗಿದರು, ನಡುವೆ ಇಟ್ಟಿಗೆ ತುಂಬಿದರು. ಆಗ ಅದನ್ನು ಕಂಡ ಒಬ್ಬರು, ಭೂಮಿಯೊಳಗಿಂದ ಹೊರಟುಬಂದ ದೊಡ್ಡ ಹಕ್ಕಿಪಂಜರ ಅಂತ ಬಣ್ಣಿಸಿದರಂತೆ. ಗೋಡೆ ಇಲ್ಲದೆ ಬರೀ ಚೌಕಟ್ಟು ಮೇಲೇಳುತ್ತಿದ್ದರೆ ಜನ ಇನ್ನೇನು ತಾನೆ ಅಂದಾರು!

ಈ ಕಟ್ಟಡದಲ್ಲಿ ಹೊರಗೋಡೆ ಏನನ್ನೂ ಹೊರುವುದಿಲ್ಲ. ಎಲ್ಲ ಭಾರ ಚೌಕಟ್ಟಿನ ಮೇಲೆ, ಗೋಡೆ ಬರೀ ಮರೆ. ಇವತ್ತು ನಮ್ಮ ಅಂಧೇರಿಯಲ್ಲಾಗಲಿ ಥಾಣೆಯಲ್ಲಾಗಲಿ ಏಳುವ ಪ್ರತಿಯೊಂದು ಟವರಿನ ಲೆಕ್ಕಾಚಾರವೂ ಇದೇ. ಚೌಕಟ್ಟಿನ ಮೇಲೆ ನಿಂತ ಎತ್ತರದ ಕಟ್ಟಡ ಎಂದ ಕೂಡಲೇ ಜಗತ್ತು ಹೇಳುವ ಹೆಸರು ಶಿಕಾಗೋದ ಹೋಮ್ ಇನ್ಶೂರೆನ್ಸ್ ಬಿಲ್ಡಿಂಗ್. ಅದು ಮುಗಿದದ್ದು 1885ರಲ್ಲಿ, ಅದನ್ನು ಕೆಡವಿದ್ದು 1931ರಲ್ಲಿ. ಅದಕ್ಕಿಂತ ಸುಮಾರು ಹದಿನೈದು ವರ್ಷ ಹಿಂದಿನದು ನಮ್ಮ ಕಾಲಾ ಘೋಡಾದಲ್ಲಿದೆ. ಎತ್ತರದಲ್ಲಿ ಸಮ ಅಲ್ಲ, ಒಪ್ಪುತ್ತೇನೆ. ಆದರೂ ಇಂಥ ಬಹುಮಹಡಿ ಎರಕದ ಚೌಕಟ್ಟಿನ ಕಟ್ಟಡಗಳಲ್ಲಿ ಜಗತ್ತಿನಲ್ಲಿ ಉಳಿದಿರುವ ಅತ್ಯಂತ ಹಳೆಯವುಗಳಲ್ಲಿ ಇದೊಂದು ಎಂದು ಬಲ್ಲವರು ಹೇಳುತ್ತಾರೆ. ನಮ್ಮ ಮಕ್ಕಳಿಗೆ ಇದನ್ನು ಯಾವ ಪಠ್ಯಪುಸ್ತಕದಲ್ಲೂ ಕಲಿಸಲಿಲ್ಲ ಅನ್ನುವುದು ನನಗೆ ನಿಜವಾಗಿ ನೋವಿನ ಸಂಗತಿ.

1871ರಲ್ಲಿ ಹೋಟೆಲು ತೆರೆಯಿತು. ನೂರಮೂವತ್ತು ಕೋಣೆ. ಪ್ರತಿ ಮಹಡಿಗೂ ಸುತ್ತ ಅಗಲವಾದ ಬಾಲ್ಕನಿ, ನಡುವೆ ಗಾಜಿನ ಸೂರಿನ ಅಂಗಳ. ಅಲ್ಲೇ ಕುಣಿತದ ಪಾರ್ಟಿ. ಸುಯೆಜ್ ತೆರೆದದ್ದರಿಂದ ಇಂಗ್ಲೆಂಡಿನ ಪ್ರಯಾಣ ಚಿಕ್ಕದಾಗಿ, ಹಡಗು ಇಳಿದು ಬರುವ ಗಿರಾಕಿಗೆ ಕೊರತೆ ಇರಲಿಲ್ಲ. ಊಟದ ಮನೆಯಲ್ಲಿ ಬಡಿಸಲು ಇಂಗ್ಲೆಂಡಿನಿಂದಲೇ ಹೆಣ್ಣುಮಕ್ಕಳನ್ನು ಕರೆಸಿದ್ದರು. ಇವರ ಜೊತೆಗೆ ಅಲ್ಲಿಯ ಹವೆಯನ್ನೂ ತರಿಸಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಗಿರಾಕಿಗಳು ಹೇಳಿಕೊಳ್ಳುತ್ತಿದ್ದರಂತೆ. 1896ರ ಜನವರಿಯಲ್ಲಿ ಮಾರ್ಕ್ ಟ್ವೇನ್ ಇಲ್ಲಿ ತಂಗಿದ್ದ. ಮುಂಬಯಿಯ ಕಾಗೆಗಳ ಬಗ್ಗೆ ಅವನು ಬರೆದ ಪುಟಗಳು ಆ ವಾಸದ ಫಲ. ಬಾಲ್ಕನಿಯಲ್ಲಿ ಕೂತವನನ್ನು ಕಾಗೆಗಳು ಹೇಗೆ ನೋಡುತ್ತವೆ, ಅವನ ಬಟ್ಟೆ, ಬಣ್ಣ, ಗುಣನಡತೆಯ ಬಗ್ಗೆ ಹೇಗೆ ತಮ್ಮತಮ್ಮಲ್ಲಿ ಚರ್ಚಿಸುತ್ತವೆ ಎಂದು ಬರೆದಿದ್ದಾನೆ.

ಅದೇ ವರ್ಷ ಜುಲೈ 7ನೇ ತಾರೀಕು ಈ ಹೋಟೆಲಿನಲ್ಲಿ ನಡೆದದ್ದನ್ನು ಮಾತ್ರ ಸಿನಿಮಾ ನೋಡುವ ಪ್ರತಿಯೊಬ್ಬ ಭಾರತೀಯನೂ ತಿಳಿದಿರಬೇಕು. ಫ್ರಾನ್ಸಿನ ಲೂಮಿಯೇರ್ ಸಹೋದರರು ಪ್ಯಾರಿಸಿನಲ್ಲಿ ಹಣ ಪಡೆದು ಚಲನಚಿತ್ರ ತೋರಿಸಿದ್ದು 1895ರ ಡಿಸೆಂಬರ್ 28ರಂದು. ಆರು ತಿಂಗಳು ಕಳೆಯುವಷ್ಟರಲ್ಲಿ ಅವರ ಕಡೆಯ ಮಾರಿಯುಸ್ ಸೆಸ್ಟಿಯೆ ಯಂತ್ರ ಹಿಡಿದುಕೊಂಡು ವಾಟ್ಸನ್ ಹೋಟೆಲಿಗೆ ಬಂದಿದ್ದ. ಟಿಕೆಟಿಗೆ 1 ರೂಪಾಯಿ. ಆರು ಪುಟ್ಟ ಚಿತ್ರಗಳು. ಸ್ಟೇಷನ್ನಿಗೆ ರೈಲು ಬರುವುದು, ಕಾರ್ಖಾನೆಯಿಂದ ಕೆಲಸಗಾರರು ಹೊರಬರುವುದು, ಸಮುದ್ರ ಸ್ನಾನ, ಹೀಗೆ. ಒಂದು ಚಿತ್ರದಲ್ಲಿ ನಾಲ್ಕಾರು ಜನ ಸೇರಿ ಹಳೆ ಗೋಡೆಯೊಂದನ್ನು ಕೆಡವುತ್ತಾರೆ, ಗೋಡೆ ಬಿದ್ದಾಗ ಧೂಳು ಏಳುತ್ತದೆ, ಅಷ್ಟೇ. ಭಾರತದ ಮೊದಲ ಸಿನಿಮಾ ಪ್ರದರ್ಶನ ಇದು. ನೋಡಿದವರಲ್ಲಿ ಹೆಚ್ಚಿನವರು ಯುರೋಪಿಯನ್ನರು. ಒಂದು ವಾರದ ಮೇಲೆ ಪ್ರದರ್ಶನ ಬೋರಿಬಂದರ್ ಕಡೆಯ ನಾವೆಲ್ಟಿ ಥಿಯೇಟರಿಗೆ ಹೋಯಿತು. ಅಲ್ಲಿ ನಾಲ್ಕಾಣೆಯ ಟಿಕೆಟೂ ಇತ್ತು, ನಮ್ಮ ಜನವೂ ನೋಡಿದರು. ಹೀಗೆ ನೋಡಿ ಮರುಳಾದವರಲ್ಲಿ ಹರಿಶ್ಚಂದ್ರ ಸಖಾರಾಮ ಭಾಟವಡೇಕರ್ ಎಂಬ ಫೋಟೋಗ್ರಾಫರ್ ಒಬ್ಬರು. ಜನ ಅವರನ್ನು ಸಾವೆ ದಾದಾ ಅನ್ನುತ್ತಿದ್ದರು. ಲಂಡನ್ನಿನಿಂದ ಕ್ಯಾಮರಾ ತರಿಸಿಕೊಂಡು 1899ರಲ್ಲಿ ಹ್ಯಾಂಗಿಂಗ್ ಗಾರ್ಡನ್ನಿನಲ್ಲಿ ಕುಸ್ತಿಯೊಂದನ್ನು ಚಿತ್ರಿಸಿದರು. ಭಾರತೀಯ ಸಿನಿಮಾದ ಪಿತಾಮಹ ಎನ್ನಿಸಿಕೊಂಡ ದಾದಾಸಾಹೇಬ್ ಫಾಲ್ಕೆಯವರಿಗಿಂತ ಎಷ್ಟೋ ಮೊದಲು.

ಈಗ ಜಮ್ಷೆಟ್‌ಜಿ ಟಾಟಾ ಅವರ ಕಥೆ. ವಾಟ್ಸನ್ ಹೋಟೆಲಿನ ಬಾಗಿಲಲ್ಲಿ ಭಾರತೀಯರೆಂದು ಅವರನ್ನು ತಡೆದರಂತೆ, ಆ ಸಿಟ್ಟಿಗೆ ತಾಜ್ ಹೋಟೆಲು ಕಟ್ಟಿದರಂತೆ. ಮುಂಬಯಿಯಲ್ಲಿ ಇದನ್ನು ಕೇಳದವರಿಲ್ಲ. ನನಗೂ ಒಂದು ಕಾಲದಲ್ಲಿ ತುಂಬಾ ಇಷ್ಟವಾಗಿದ್ದ ಕಥೆ. ಆದರೆ ಇದಕ್ಕೆ ಗಟ್ಟಿ ದಾಖಲೆ ಇಲ್ಲ, ಇತಿಹಾಸ ಬರೆದವರು ಇದನ್ನು ಒಪ್ಪುವುದಿಲ್ಲ. ಅವಮಾನ ಆ ಕಾಲದಲ್ಲಿ ನಡೆಯುತ್ತಿರಲಿಲ್ಲ ಅಂತ ಯಾರೂ ಹೇಳಲಾರರು, ಧಾರಾಳವಾಗಿ ನಡೆಯುತ್ತಿತ್ತು. ಆದರೂ ತಾಜ್‌ನಂಥ ಹೋಟೆಲನ್ನು ಬರೀ ಸಿಟ್ಟಿನಿಂದ ಕಟ್ಟಲಾಗುವುದಿಲ್ಲ. ಟಾಟಾ ಅವರಿಗೆ ಈ ಊರಿನ ಮೇಲೆ ದೊಡ್ಡ ಕನಸಿತ್ತು, ಅದನ್ನು ಒಂದು ಬಾಗಿಲಿನ ಜಗಳಕ್ಕೆ ಇಳಿಸಬಾರದು ಎಂಬುದು ನನ್ನ ಅಭಿಪ್ರಾಯ. ದಾಖಲೆ ಇರುವುದು ಇಷ್ಟಕ್ಕೆ: 1903ರ ಡಿಸೆಂಬರಿನಲ್ಲಿ ತಾಜ್ ತೆರೆಯಿತು. ಅದು ಸಮುದ್ರದ ದಂಡೆಯಲ್ಲೇ ಇತ್ತು, ವಿದ್ಯುತ್ ದೀಪವಿತ್ತು. ದೊಡ್ಡ ಗಿರಾಕಿಗಳೆಲ್ಲ ಅತ್ತ ನಡೆದರು. ವಾಟ್ಸನ್ ಹೋಟೆಲು ಮೆಲ್ಲಗೆ ಇಳಿಯಿತು, ಕೊನೆಗೆ ಮುಚ್ಚಿತು. ಕೋಣೆಗಳನ್ನು ಭಾಗ ಮಾಡಿ ಆಫೀಸಿಗೆ, ಅಂಗಡಿಗೆ, ವಾಸಕ್ಕೆ ಕೊಟ್ಟರು. ಕೋರ್ಟು ಹತ್ತಿರ ಇದ್ದದ್ದರಿಂದ ವಕೀಲರೇ ಹೆಚ್ಚು ಬಂದು ಸೇರಿದರು.

ನಾನು ಈ ಕಟ್ಟಡವನ್ನು ಕಂಡದ್ದು ಆ ಸ್ಥಿತಿಯಲ್ಲಿ. ಎಪ್ಪತ್ತರ ದಶಕದ ಕೊನೆಯಲ್ಲಿ ಕುಂದಾಪುರದ ಕಡೆಯಿಂದ ಬಂದು ಫೋರ್ಟಿನ ಒಂದು ಕ್ಯಾಂಟೀನಿನಲ್ಲಿ ಹಗಲು ಕೆಲಸ, ಸಂಜೆ ಕನ್ನಡ ರಾತ್ರಿ ಶಾಲೆ. ಇದು ಈ ಸಭೆಯ ಎಷ್ಟೋ ಜನರ ಕಥೆಯೂ ಹೌದು. ಮ್ಯಾನ್ಶನ್ನಿನ ವಕೀಲರ ಚೇಂಬರುಗಳಿಗೆ ಚಹಾ ಒಯ್ಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮರದ ಮೆಟ್ಟಿಲು ನಡುವೆ ಸವೆದು ಗುಳಿ ಬಿದ್ದಿತ್ತು, ಒಂದು ಕೈಯಲ್ಲಿ ಕೆಟ್ಲು, ಇನ್ನೊಂದರಲ್ಲಿ ಗ್ಲಾಸಿನ ಸ್ಟ್ಯಾಂಡು ಹಿಡಿದು ಹತ್ತುವಾಗ ಕಾಲನ್ನು ಅಂಚಿನಲ್ಲೇ ಇಡಬೇಕು. ಓಣಿಯಲ್ಲಿ ಕತ್ತಲೆ. ಗೋಡೆಯ ಉದ್ದಕ್ಕೂ ಮೀಟರಿನ ಡಬ್ಬಿ, ಎಲ್ಲಿಂದೆಲ್ಲಿಗೋ ಹೋಗುವ ವೈರು, ಹಳೇ ಫೈಲುಗಳ ಕಟ್ಟು. ಬಾಲ್ಕನಿಯನ್ನು ಪ್ಲೈವುಡ್ ಹೊಡೆದು ಕೋಣೆ ಮಾಡಿಕೊಂಡಿದ್ದರು. ಎತ್ತರದ ಕೋಣೆಗಳಲ್ಲಿ ನಡುವೆ ಅಟ್ಟ ಹಾಕಿ ಮೇಲೊಬ್ಬ ಕೆಳಗೊಬ್ಬ ಗುಮಾಸ್ತ. ಮೂಲೆಯಲ್ಲೊಂದು ಕಬ್ಬಿಣದ ಕಂಬ. ಕೆಟ್ಲು ತಾಗಿದರೆ ಠಣ್ ಎನ್ನುತ್ತಿತ್ತು. ಬಣ್ಣದ ಮೇಲೆ ಬಣ್ಣ ಬಳಿದು ಅದರ ಎರಕದ ಹೂಬಳ್ಳಿ ಮೊಂಡಾಗಿ ಹೋಗಿತ್ತು. ಬುಡದಲ್ಲಿ ಬಣ್ಣ ಎದ್ದ ಕಡೆ ಉಗುರು ಹಾಕಿದರೆ ತುಕ್ಕು ಪದರಪದರವಾಗಿ ಕೈಗೆ ಬರುತ್ತಿತ್ತು. ಮುಂದೆ ನಾನು ಅಲ್ಲೇ ಒಬ್ಬ ವಕೀಲರ ಬಳಿ ಗುಮಾಸ್ತನಾದೆ. ಆಗಲೂ ಆ ಕಂಬ ಅಲ್ಲೇ, ಆ ತುಕ್ಕೂ ಅಲ್ಲೇ.

ಆ ತುಕ್ಕನ್ನು ಒರೆಸುವವರು ಯಾರೂ ಯಾಕೆ ಇರಲಿಲ್ಲ? ಇವತ್ತು ನಾನು ಹೇಳಬೇಕೆಂದು ಬಂದದ್ದು ಇದನ್ನೇ.

ಬೀಡು ಕಬ್ಬಿಣದ ಗುಣ ಹೋಟೆಲಿನವರಿಗೆ ವಿವರಿಸಬೇಕಾಗಿಲ್ಲ. ದೋಸೆ ಕಾವಲಿ ಎಷ್ಟು ಭಾರ ಬೇಕಾದರೂ ಹೊರುತ್ತದೆ, ಆದರೆ ಎತ್ತಿ ಹಾಕಿದರೆ ಬಿರುಕು ಬಿಡುತ್ತದೆ. ಎಣ್ಣೆ ಹಚ್ಚದೆ ಒಂದು ಮಳೆಗಾಲ ಮೂಲೆಯಲ್ಲಿಟ್ಟರೆ ಮುಗಿಯಿತು. ಕಂಬವಾಗಿ ನಿಂತಾಗ ಭಾರ ನೇರ ಮೇಲಿಂದ ಬಿದ್ದರೆ ಅದು ಶತಮಾನ ಕಾಲ ಹೊರುತ್ತದೆ. ಹೊರಗೆ ಚಾಚಿಕೊಂಡ ಬಾಲ್ಕನಿಗೆ ಆಸರೆಯಾದಾಗ ಎಳೆತ ಬೀಳುತ್ತದೆ, ಅಲ್ಲಿ ಅದು ದುರ್ಬಲ. ಸಮುದ್ರ ಹತ್ತಿರ, ಗಾಳಿಯಲ್ಲಿ ಉಪ್ಪು. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ. ಇಂಥ ಕಟ್ಟಡಕ್ಕೆ ವರ್ಷ ವರ್ಷ ತುಕ್ಕು ಕೆರೆದು ಬಣ್ಣ ಹೊಡೆಯಬೇಕು, ಸೋರಿಕೆ ಕಂಡ ದಿನವೇ ಮುಚ್ಚಬೇಕು.

ಹೋಟೆಲು ಇದ್ದಷ್ಟು ದಿನ ಅದು ತಾನಾಗಿಯೇ ನಡೆಯುತ್ತಿತ್ತು. ಹೋಟೆಲು ಎಂದರೆ ದಿನಾ ಗುಡಿಸಿ ಒರೆಸುವ ಕಟ್ಟಡ. ಚಾವಣಿ ಸೋರಿದರೆ ಗಿರಾಕಿ ಓಡುತ್ತಾನೆ, ಗಿರಾಕಿ ಓಡಿದರೆ ಗಲ್ಲಾ ಬರಿದು. ಮಾಲಿಕನ ಲಾಭವೂ ಕಟ್ಟಡದ ಆರೋಗ್ಯವೂ ಒಂದೇ ಹಗ್ಗಕ್ಕೆ ಕಟ್ಟಿದ್ದವು. ಹೋಟೆಲು ಮುಚ್ಚಿದ ದಿನ ಆ ಹಗ್ಗ ಹರಿಯಿತು. ಕೋಣೆಗೊಬ್ಬ ಬಾಡಿಗೆದಾರ ಬಂದ, ಅವನ ಕೋಣೆಯನ್ನು ಅವನು ಚೊಕ್ಕವಾಗಿಟ್ಟ. ಓಣಿ ಯಾರದು? ಮೆಟ್ಟಿಲು ಯಾರದು? ನಡುವಿನ ಗಾಜಿನ ಸೂರು ಯಾರದು?

ಮಾಲಿಕನದು ಅನ್ನಬೇಕು. ಅವನ ಕೈಗೆ ಬರುವ ಬಾಡಿಗೆ ಎಷ್ಟು? ಇಲ್ಲಿ ಮುಂಬಯಿಯ ಬಾಡಿಗೆ ಕಾನೂನಿನ ಕಥೆ ಬರುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬಾಡಿಗೆ ವಿಪರೀತ ಏರಬಾರದೆಂದು ತಂದ ನಿಯಂತ್ರಣ 1947ರ ಬಾಂಬೆ ರೆಂಟ್ ಆ್ಯಕ್ಟ್ ಆಗಿ ನೆಲೆ ನಿಂತಿತು. 1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಯೇ ಅಳತೆಗೋಲು. ಬಡವರನ್ನು ಬೀದಿಗೆ ಹಾಕದಂತೆ ಕಾಪಾಡಿದ ಕಾನೂನು ಅದು, ಅದರ ಋಣ ನಮ್ಮ ಜನರ ಮೇಲೂ ಇದೆ. ಗಿರ್‌ಗಾಂವಿನ, ಪರೇಲಿನ ಚಾಳುಗಳಲ್ಲಿ ಖೋಲಿ ಹಿಡಿದು ಊರಿಗೆ ಹಣ ಕಳಿಸಿದವರು ಅದರ ನೆರಳಲ್ಲೇ ಬದುಕಿದರು. ಆದರೆ ದಶಕಗಳು ಕಳೆದು ಸಿಮೆಂಟು, ಕಬ್ಬಿಣ, ಕೂಲಿ ಎಲ್ಲ ಏರಿದರೂ ಬಾಡಿಗೆ ಅಲ್ಲೇ ನಿಂತಿತು. ಇನ್ನೊಂದು ಕಡೆ ಪಗಡಿ ಪದ್ಧತಿ ಬೆಳೆಯಿತು. ಜಾಗ ಹಿಡಿಯುವಾಗ ದೊಡ್ಡ ಮೊತ್ತ ಕೈಬದಲಿ, ಆಮೇಲೆ ತಿಂಗಳಿಗೆ ಪುಡಿ ಬಾಡಿಗೆ. ಬಾಡಿಗೆದಾರ ಬಿಟ್ಟುಹೋಗುವಾಗ ಹೊಸಬನಿಂದ ಪಗಡಿ, ಅದರಲ್ಲಿ ಮಾಲಿಕನಿಗೂ ಪಾಲು. ಹೀಗಾದಮೇಲೆ ಮಾಲಿಕನಿಗೆ ರಿಪೇರಿಯಿಂದ ದಮ್ಮಡಿ ಲಾಭವಿಲ್ಲ. ಬಾಡಿಗೆದಾರ ತಾನೇ ಮಾಡಿಸೋಣವೆಂದರೆ ಕಟ್ಟಡ ಅವನ ಹೆಸರಿನಲ್ಲಿಲ್ಲ. ಕಂಬದ ತುಕ್ಕು ಇಬ್ಬರ ಲೆಕ್ಕದ ಪುಸ್ತಕದಲ್ಲೂ ಬರಲಿಲ್ಲ.

1969ರಲ್ಲಿ ಸರಕಾರ ಹಳೆಯ ಕಟ್ಟಡಗಳಿಗೆ ರಿಪೇರಿ ಸೆಸ್ ಎಂಬ ತೆರಿಗೆ ಹಾಕಿ ದುರಸ್ತಿ ಮಂಡಳಿ ಮಾಡಿತು. ಮುಂದೆ ಅದು ಮ್ಹಾಡಾ ಎಂಬ ರಾಜ್ಯದ ವಸತಿ ಪ್ರಾಧಿಕಾರದೊಳಗೆ ಸೇರಿತು. ದಕ್ಷಿಣ ಮುಂಬಯಿಯ ಸಾವಿರಾರು ಕಟ್ಟಡಗಳ ಭಾರ ಆ ಮಂಡಳಿಯ ಮೇಲೆ. 1997ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಬಾಡಿಗೆಯನ್ನು ಹೀಗೆ ಕಟ್ಟಿಹಾಕುವುದು ಕಾಲಾಂತರದಲ್ಲಿ ನ್ಯಾಯಸಮ್ಮತವಾಗಿ ಉಳಿದಿಲ್ಲ ಎಂದು ಹೇಳಿತು. ಆ ಮೊಕದ್ದಮೆಯ ಹೆಸರು ಶುರುವಾಗುವುದೇ ನಮ್ಮ ಮಲ್ಪೆಯಿಂದ. ವಕೀಲರ ಆಫೀಸಿನಲ್ಲಿ ತೀರ್ಪಿನ ಪ್ರತಿ ಟೇಬಲ್ಲಿಗೆ ಬಂದಾಗ ಮೇಲಿನ ಹೆಸರು ಓದಿ ನಾನು ನಿಂತಲ್ಲೇ ನಿಂತೆ. ಆಮೇಲೆ ಬಂದ 1999ರ ಕಾನೂನು ವರ್ಷಕ್ಕೆ ನೂರಕ್ಕೆ ನಾಲ್ಕರಂತೆ ಬಾಡಿಗೆ ಏರಿಸಲು ಬಿಟ್ಟಿತು, ಪಗಡಿಯನ್ನೂ ಕಾನೂನಿನೊಳಗೆ ತಂದಿತು. ಮೂಲ ಬಾಡಿಗೆಯೇ ಅಷ್ಟು ಸಣ್ಣದಿದ್ದಾಗ ಅದರ ನೂರಕ್ಕೆ ನಾಲ್ಕು ಎಷ್ಟು ಆದೀತು, ನೀವೇ ಲೆಕ್ಕ ಹಾಕಿ.

ಆಗ ಕಟ್ಟಡದ ವಯಸ್ಸು ನೂರಮೂವತ್ತರ ಹತ್ತಿರ. 2005ರ ಜುಲೈ 1ರಂದು, ಮಳೆಗಾಲದ ನಡುವೆ, ಅದರ ಬಾಲ್ಕನಿಯ ಭಾಗ ಕುಸಿದು ಒಬ್ಬರು ಸತ್ತರು, ಕೆಲವರಿಗೆ ಗಾಯವಾಯಿತು. ಅದೇ ತಿಂಗಳ 26ರ ಮಹಾಮಳೆ ಎಲ್ಲರಿಗೂ ನೆನಪಿದೆ, ಈ ಕುಸಿತ ಆ ನೀರಿನಲ್ಲಿ ಕೊಚ್ಚಿಹೋದ ಸುದ್ದಿಯಾಯಿತು. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆ 2006ರ ತನ್ನ ನೂರು ಅಪಾಯದ ತಾಣಗಳ ಪಟ್ಟಿಯಲ್ಲಿ ಇದನ್ನು ಸೇರಿಸಿತ್ತು. ಮುಂಬಯಿ ನಗರದ ಪರಂಪರೆಯ ಕಟ್ಟಡಗಳ ಪಟ್ಟಿಯಲ್ಲೂ ಇದಕ್ಕೆ ಎರಡು-ಎ ದರ್ಜೆ ಇದೆ. ಪಟ್ಟಿಗಳಿಂದ ತುಕ್ಕು ನಿಲ್ಲಲಿಲ್ಲ. 2019ರಲ್ಲಿ ಹೈಕೋರ್ಟಿನ ಆದೇಶದ ಮೇಲೆ ಎಲ್ಲರನ್ನೂ ಖಾಲಿ ಮಾಡಿಸಿದರು. ಐಐಟಿ ಬಾಂಬೆಯ ತಜ್ಞರು ಇದು ದುರಸ್ತಿಯಾಗುವ ಸ್ಥಿತಿಯಲ್ಲಿಲ್ಲ, ಕೆಡವಬೇಕು ಎಂದು ವರದಿ ಕೊಟ್ಟರು. ಪರಂಪರೆ ಉಳಿಸುವ ಕೆಲಸ ಬಲ್ಲ ಇಂಜಿನಿಯರುಗಳು, ವಾಸ್ತುಶಿಲ್ಪಿಗಳು ಒಪ್ಪಲಿಲ್ಲ, ಉಳಿಸಬಹುದು ಎಂದರು. ತುಂಡು ತುಂಡಾಗಿ ಬಂದು ಬೋಲ್ಟಿನಿಂದ ಜೋಡಿಸಿದ ಚೌಕಟ್ಟು ಇದು. ಕೆಟ್ಟ ತುಂಡನ್ನು ಬಿಚ್ಚಿ ಬೇರೆ ಕೂರಿಸುವ ದಾರಿ ಕಲ್ಲಿನ ಕಟ್ಟಡಕ್ಕಿಂತ ಇದರಲ್ಲಿ ಸುಲಭ ಎಂಬುದು ಸಾಮಾನ್ಯ ಬುದ್ಧಿಗೇ ತೋರುತ್ತದೆ. ನಾನಂತೂ ಉಳಿಸಬೇಕು ಅನ್ನುವವರ ಕಡೆ.

ಮಾತು ಮುಗಿದ ಮೇಲೆ ಒಬ್ಬ ತರುಣಿ ಎದ್ದು, "ಮಾಮಾ, ಇದನ್ನು ಮತ್ತೆ ಹೋಟೆಲು ಮಾಡಿದರೆ ಆಗುವುದಿಲ್ಲವಾ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಹೋಟೆಲೇ ಆಗಬೇಕೆಂದೇನೂ ಇಲ್ಲ. ಆದರೆ ಓಣಿಗೂ ಮೆಟ್ಟಿಲಿಗೂ ಒಬ್ಬ ಯಜಮಾನ ಇರಬೇಕು, ಅವನ ಸಂಪಾದನೆ ಆ ಕಂಬಗಳ ಆರೋಗ್ಯಕ್ಕೆ ಅಂಟಿಕೊಂಡಿರಬೇಕು. ಅದಿಲ್ಲದೆ ಎಷ್ಟು ಕೋಟಿ ಸುರಿದು ದುರಸ್ತಿ ಮಾಡಿದರೂ ಇನ್ನು ಮೂವತ್ತು ವರ್ಷಕ್ಕೆ ಇದೇ ಕಥೆ. ಜಾಗದ ಬಾಡಿಗೆದಾರರ ಹಕ್ಕನ್ನು ಮೊದಲು ಇತ್ಯರ್ಥ ಮಾಡಬೇಕು, ಅವರನ್ನು ಬಿಟ್ಟು ಪರಂಪರೆಯ ಮಾತಾಡುವುದು ಅನ್ಯಾಯ ಎಂದೂ ಅವಳಿಗೆ ಹೇಳಿದೆ.

ಇನ್ನೊಂದು ಕೋರಿಕೆ ಇದೆ. ವಾಟ್ಸನ್ ಹೋಟೆಲಿನ ಸಾಹೇಬರ ಕಾಲದ ಬಗ್ಗೆ ಪತ್ರಿಕೆಗಳಿವೆ, ಪ್ರವಾಸದ ಬರಹಗಳಿವೆ, ಇಂಗ್ಲೆಂಡಿನಲ್ಲಿ ಸಂಶೋಧನೆಯೂ ನಡೆದಿದೆ. ಹೋಟೆಲು ಮುಚ್ಚಿದ ಮೇಲಿನ ದೀರ್ಘ ಕಾಲಕ್ಕೆ ಸಾಕ್ಷಿ ನಾವು. ಅಲ್ಲಿ ಚಹಾ ಒಯ್ದವರು, ಟೈಪ್ ಮಾಡಿದವರು, ಗುಮಾಸ್ತರಾಗಿದ್ದವರು. ನಿಮ್ಮ ಮನೆಯ ಟ್ರಂಕಿನಲ್ಲಿ ಆ ವಿಳಾಸದ ಬಾಡಿಗೆ ಚೀಟಿ, ಕ್ಯಾಂಟೀನಿನ ಬಿಲ್ ಪುಸ್ತಕ, ಬಾಲ್ಕನಿಯಲ್ಲಿ ನಿಂತು ತೆಗೆಸಿಕೊಂಡ ಫೋಟೋ, ಏನಿದ್ದರೂ ಬಿಸಾಡಬೇಡಿ. ಮುಂದಿನ ಸಭೆಗೆ ತನ್ನಿ. ನಾವು ಅಲ್ಲೇ ಅದರ ಪ್ರತಿ ಮಾಡಿಕೊಂಡು ಮೂಲವನ್ನು ನಿಮ್ಮ ಕೈಗೇ ವಾಪಸು ಕೊಡುತ್ತೇವೆ. ಫೋಟೋ ಹಿಂದೆ ವರ್ಷ, ಮಹಡಿ, ಜೊತೆಗಿದ್ದವರ ಹೆಸರು ನೆನಪಿದ್ದಷ್ಟು ಪೆನ್ಸಿಲಿನಲ್ಲಿ ಬರೆದಿರಲಿ.